ಏಳನೇ ಹಾಸಿಗೆಯ ಖರ್ಚು

ಕೈಗವಸು, ಆರುನೂರ ಹದಿನಾರು ಜೋಡಿ.
ಬಿಸಾಡುವ ನಿಲುವಂಗಿ, ನೂರಾ ನಲವತ್ತು.
ಕೈಗೆ ಸವರುವ ದ್ರಾವಣ ಹನ್ನೊಂದು ಬಾಟಲಿ,
ಅದರಲ್ಲಿ ಒಂದು ಮೊದಲ ರಾತ್ರಿಯೇ ಕಳುವು.
ಅದನ್ನೂ ಬರೆದಿದ್ದೇನೆ.

ಉಗ್ರಾಣದ ಪೆಡ್ನೇಕರ್ ಕನ್ನಡಕ ಹಣೆಗೇರಿಸುತ್ತಾರೆ:
‘ಒಬ್ಬ ರೋಗಿಗೆ ಇಷ್ಟೊಂದೇ, ಸಿಸ್ಟರ್?
ಇವನೇನು ಕೈಗಾದಿಂದ ಬಂದನೇ?’

ಬೈತಖೋಲದಿಂದ ಬಂದವನು. ಉಲ್ಲಾಸ ದುರ್ಗೇಕರ.
ಬಲೆ ಬಿಡಿಸುವಾಗ ತೊರಕೆ ಮೀನಿನ ಮುಳ್ಳು
ಹಿಮ್ಮಡಿಗೆ ಒಂದಿಂಚು. ಅಷ್ಟೇ.
ಅರಿಶಿನ ಮೆತ್ತಿದ. ಮೆಡಿಕಲ್ಲಿನವ ಕೊಟ್ಟ ಗುಳಿಗೆ ಮೂರು ನುಂಗಿದ,
ನೋವು ಇಳಿದದ್ದೇ ಮಿಕ್ಕೆರಡನ್ನು ತಮ್ಮನ ಹಲ್ಲುನೋವಿಗೆ ಕೊಟ್ಟ.
ಆಮೇಲೆ ಎರಡು ಊರು, ಎರಡು ದೊಡ್ಡ ಆಸ್ಪತ್ರೆ,
ಮೊದಲು ದಕ್ಷಿಣಕ್ಕೆ, ಮತ್ತೆ ಗಡಿಯಾಚೆ,
ಆಂಬುಲೆನ್ಸಿಗೆ ಅಡವಿಟ್ಟ ಬಳೆ,
ದುಡ್ಡು ಮುಗಿದ ದಿನ ನಮ್ಮ ವಾರ್ಡು.
ಕಾಳಿ ಸೇತುವೆ ದಾಟಿ ಅವನ ಜೊತೆಗೆ
ಚೀಟಿಯಲ್ಲಿ ಹೆಸರಿಲ್ಲದ ಇನ್ನೊಬ್ಬನೂ ಬಂದಿಳಿದ.

ಲ್ಯಾಬಿನ ಹಾಳೆಯಲ್ಲಿ ಹದಿನೈದು ಮದ್ದು, ಹದಿನೈದು ಸಾಲು.
ಹದಿನಾಲ್ಕರ ಎದುರು ಒಂದೇ ಅಕ್ಷರ.
ಹೆಂಡತಿ ಶೇವಂತಿ ನಾಲ್ಕನೇ ಇಯತ್ತೆ, ಬೆರಳಿಟ್ಟು ಓದಿದಳು:
ಆರ್. ಆರ್. ಆರ್.
‘ಆರಿತಾ ಸಿಸ್ಟರ್, ಗಾಯ?’

ಇಲ್ಲ ತಾಯಿ. ಈ ಆರ್ ಅಂದರೆ ಆರದು.
ಕೊಟ್ಟ ಮದ್ದನ್ನು ಉಂಡು
ಬಾಯಿ ಒರೆಸಿಕೊಂಡು ಕೂತಿದೆ ಅಂತ.
ಕೊನೆಯ ಸಾಲಿನದೊಂದು ಬಾಕಿ;
ಅದರ ಒಂದು ದಿನಕ್ಕೆ ದೋಣಿಯ ಆರು ದಿನದ ಪಾಲು ಬೇಕು,
ಮೂತ್ರಪಿಂಡವನ್ನು ಬಡ್ಡಿಗೆ ಕೇಳುವ ಮದ್ದು.

ಹಾಗಾಗಿ ಗೆರೆ ಎಳೆದೆ.
ಹಾಸಿಗೆಯ ಸುತ್ತ ಕೆಂಪು ಟೇಪು.
ಒಳಗೆ ಹೋದ ಗಂಜಿಯ ಡಬ್ಬಿ ಹೊರಗೆ ಬಾರದು,
ಹೊರಗಿನ ಸೆರಗು ಒಳಗೆ ಸೋಕದು.
ಆರನೆಯದೂ ಎಂಟನೆಯದೂ ಖಾಲಿ ಇರಬೇಕು;
ವರಾಂಡದಲ್ಲಿ ಚಾಪೆ ಹಾಸಿಕೊಂಡ ಜ್ವರದವರು
ಆ ಖಾಲಿಯನ್ನೇ ನೋಡುತ್ತ ಮಲಗಿದರು.
ಅದು ಯಾರ ಖರ್ಚು, ಯಾವ ತಲೆಬರಹದಡಿ?

ನೆಲ ಒರೆಸುವ ಹೊನ್ನಿ ಆಗೇರ
ಗೆರೆಯ ಈಚೆ ಬಹಳ ಹೊತ್ತು ನಿಂತಳು.
‘ನಮ್ಮ ಅಜ್ಜಿಗೆ ಇಂಥದೇ ಒಂದು ಇತ್ತು, ಬಾಯೋರೆ.
ಟೇಪು ಇರಲಿಲ್ಲ ಅಷ್ಟೇ.
ಅವಳು ಎಳೆದ ಉಪ್ಪು ಮಾತ್ರ ದಾಟ್ತಿತ್ತು.’
ಈ ಗೆರೆ ಬೇರೆ, ಎನ್ನಲು ಬಾಯಿ ತೆರೆದು
ಮುಖಗವಸಿನೊಳಗೇ ಸುಮ್ಮನಾದೆ.
ಅವಳು ನಿಲುವಂಗಿ ತೊಟ್ಟಳು, ಬಕೆಟ್ಟು ಎತ್ತಿದಳು,
ದಾಟಿದಳು.
ಮಂಚದ ಕಾಲು, ಸ್ವಿಚ್ಚು, ಬಾಗಿಲ ಹಿಡಿಕೆ,
ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಬಾಚುವ ಹಾಗೆ
ಒಂದು ಮೂಲೆ ಬಿಡದೆ.
ನಾಲ್ಕು ತಿಂಗಳ ಅವಳ ಕೂಲಿ ಬಾಕಿ;
ಅದು ನನ್ನ ಪುಸ್ತಕದಲ್ಲಿಲ್ಲ, ಗುತ್ತಿಗೆದಾರನ ಪುಸ್ತಕದಲ್ಲಿದೆ.

ಒಂಬತ್ತನೇ ದಿನ ದೊಡ್ಡ ಡಾಕ್ಟರು ಗಾಯ ಮುಟ್ಟಿ ನೋಡಿ
ಹಾಗೆಯೇ ಹನ್ನೆರಡನೆಯದರ ಬಾಣಂತಿಯತ್ತ ತಿರುಗಿದರು.
‘ಸರ್, ಕೈ.’
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ
ಇಷ್ಟು ದುಬಾರಿಯ ಎರಡು ಶಬ್ದ ಆಡಿರಲಿಲ್ಲ.
ವಾರ್ಡಿನ ಫ್ಯಾನೂ ನಿಂತ ಹಾಗಾಯಿತು.
ತೊಳೆದರು. ನನ್ನ ಕಡೆ ನೋಡದೆ ತೊಳೆದರು.
ಬಾಣಂತಿಗೆ ಏನೂ ಆಗಲಿಲ್ಲ; ಮಗು ಎತ್ತಿಕೊಂಡು
ಅಮದಳ್ಳಿಯ ಬಸ್ಸು ಹತ್ತಿದಳು.
ಏನೂ ಆಗದ್ದಕ್ಕೆ ಕಾಲಂ ಹುಡುಕಿದೆ. ಇಲ್ಲ.

ಇಪ್ಪತ್ತಮೂರನೇ ದಿನ ಉಲ್ಲಾಸ ಮನೆಗೆ ಹೋದ,
ಅರ್ಧ ಪಾದ ನಮ್ಮಲ್ಲಿ ಬಿಟ್ಟು.
ಶೇವಂತಿ ಖಾಲಿ ಡಬ್ಬಿ ಕೇಳಿದಳು, ಕೊಡಲಾಗಲಿಲ್ಲ.
ಡಬ್ಬಿ, ಸ್ಟೀಲಿನದು, ಒಂದು.

ಟೇಪು ಕಿತ್ತಾಗಿದೆ. ಅಂಟು ಹೋಗಿಲ್ಲ.
ಬರುವವರು ಹೋಗುವವರು ಏನೆಂದು ತಿಳಿಯದೆಯೂ
ಕಾಲೆತ್ತಿ ಅದನ್ನು ತುಳಿಯದೆ ದಾಟುತ್ತಾರೆ.
ಹೊನ್ನಿ ಸೀಮೆಎಣ್ಣೆ ಕೇಳಿದ್ದಾಳೆ, ಅರ್ಧ ಲೀಟರು.
ಬರೆದುಕೊಂಡೆ.